ಇಡೀ ರಾತ್ರಿಯ ಆಟ, ಚಿಕ್ಕ ಡಿಸ್ಕ್: ಡಾವಿಂಚಿ ರಿಸಾಲ್ವ್‌ನಲ್ಲಿ ಫೂಟೇಜ್ ಜೋಪಾನ ಮಾಡುವ ಕ್ರಮ

ನಾನು ಕುಂದಾಪುರದ ಕಡೆಯವನು. ಯಕ್ಷಗಾನ ಆಟಗಳನ್ನು ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿ ಎಡಿಟ್ ಮಾಡುತ್ತೇನೆ. ನಡುನಡುವೆ ಮದುವೆ, ಉಪನಯನದ ಕೆಲಸವೂ ಬರುತ್ತದೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಸಾಕಾಗಿದೆ. ಕಂಪ್ಯೂಟರ್ ಮ್ಯಾಕ್ ಮಿನಿ. ಅದರ ಒಳಗಿನ ಡಿಸ್ಕ್ ಬರೀ 256 ಜಿಬಿ. ಇಡೀ ರಾತ್ರಿಯ ಒಂದು ಆಟದ ಫೂಟೇಜ್‌ನಲ್ಲಿ ಅರ್ಧ ಭಾಗವೂ ಅದರಲ್ಲಿ ಹಿಡಿಯುವುದಿಲ್ಲ. ಆದರೂ ಕೆಲಸ ಸಲೀಸಾಗಿ ನಡೆಯುತ್ತದೆ, ಯಾವ ಫೈಲ್ ಎಲ್ಲಿರಬೇಕು ಎಂದು ಮೊದಲೇ ತೀರ್ಮಾನ ಮಾಡಿಕೊಂಡರೆ.

ಆಟದ ಫೂಟೇಜ್ ಅಂದರೆ ನನಗೆ ಯಾಕೆ ಇಷ್ಟು ಜೋಪಾನ ಅಂತ ಹೇಳಿಬಿಡುತ್ತೇನೆ. ಯಕ್ಷಗಾನದಲ್ಲಿ ಪದ್ಯಗಳು ಪ್ರಸಂಗದ ಪುಸ್ತಕದಲ್ಲಿರುತ್ತವೆ. ಮಾತು ಎಲ್ಲೂ ಬರೆದಿರುವುದಿಲ್ಲ. ವೇಷಧಾರಿ ರಂಗಸ್ಥಳದಲ್ಲಿ ನಿಂತು, ಎದುರಿನವರ ಮಾತು ಕೇಳಿ, ಅಲ್ಲೇ ಕಟ್ಟುವ ಅರ್ಥ ಅದು. ಅದೇ ಮೇಳ ಅದೇ ಪ್ರಸಂಗವನ್ನು ಮರುದಿನ ಪಕ್ಕದ ಊರಿನಲ್ಲಿ ಆಡಿದರೂ ಮಾತು ಬೇರೆಯೇ. ನಿನ್ನೆ ರಾತ್ರಿ ಮೂರು ಗಂಟೆಗೆ ಕರ್ಣ ಆಡಿದ ಮಾತು ಕಾರ್ಡಿನಿಂದ ಅಳಿಸಿಹೋದರೆ ಇನ್ನೊಮ್ಮೆ ಆಡಿ ಎಂದು ಯಾರನ್ನು ಕೇಳುವುದು?

ಹಾಗಾಗಿ ಡಿಸ್ಕಿನಲ್ಲಿರುವ ಪ್ರತಿಯೊಂದು ಫೈಲಿನ ಬಗ್ಗೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದು ಹೋದರೆ ಮತ್ತೆ ಮಾಡಿಕೊಳ್ಳಬಹುದಾ? ಕ್ಯಾಮೆರಾ ಫೂಟೇಜ್, ಆಡಿಯೋ ರೆಕಾರ್ಡಿಂಗ್, ರಿಸಾಲ್ವ್‌ನ ಪ್ರಾಜೆಕ್ಟ್, ಗ್ಯಾಲರಿಯಲ್ಲಿ ಉಳಿಸಿದ ಕಲರ್ ಸ್ಟಿಲ್‌ಗಳು, ಇವನ್ನು ಮತ್ತೆ ಮಾಡಲು ಬರುವುದಿಲ್ಲ. ಪ್ರಾಕ್ಸಿ (ಎಡಿಟ್ ಹಗುರವಾಗಲು ಮಾಡಿಕೊಳ್ಳುವ ಚಿಕ್ಕ ನಕಲು), ರೆಂಡರ್ ಕ್ಯಾಶ್ (ಸರಾಗವಾಗಿ ಓಡಲಿ ಎಂದು ರಿಸಾಲ್ವ್ ಮೊದಲೇ ಸಿದ್ಧಮಾಡಿಡುವ ತಾತ್ಕಾಲಿಕ ಫೈಲುಗಳು), ಎಕ್ಸ್‌ಪೋರ್ಟ್ ಮಾಡಿದ ವಿಡಿಯೋ, ಇವನ್ನೆಲ್ಲ ಮತ್ತೆ ಮಾಡಿಕೊಳ್ಳಬಹುದು. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ. ಮೊದಲ ಗುಂಪಿಗೆ ಯಾವಾಗಲೂ ಎರಡು ಪ್ರತಿ. ಎರಡನೇ ಗುಂಪಿಗೆ ವೇಗದ ಡಿಸ್ಕ್, ಆದರೆ ಬ್ಯಾಕಪ್ ಬೇಡ. ಮುಂದೆ ಹೇಳುವುದೆಲ್ಲ ಇದರ ವಿವರ.

ಶೂಟಿಂಗ್‌ಗೆ ಮೊದಲೇ ಲೆಕ್ಕ ಹಾಕಿ

ಕ್ಯಾಮೆರಾದ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರೆಯುವ ಡೇಟಾ, ಎಷ್ಟು ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಅಂತ ನೋಡಿ. ಅದನ್ನು 0.45ರಿಂದ ಗುಣಿಸಿ. ಗಂಟೆಗೆ ಎಷ್ಟು ಜಿಬಿ ಆಗುತ್ತದೆ ಎಂಬುದು ಸಿಗುತ್ತದೆ. ಸೋನಿ ಕ್ಯಾಮೆರಾದಲ್ಲಿ 4ಕೆ ವಿಡಿಯೋವನ್ನು ಎಕ್ಸ್‌ಎವಿಸಿ ಎಸ್ ಎಂಬ ಫಾರ್ಮ್ಯಾಟ್‌ನಲ್ಲಿ, 100 ಎಂಬಿಪಿಎಸ್‌ನಲ್ಲಿ ಹಿಡಿದರೆ ಗಂಟೆಗೆ 45 ಜಿಬಿ. ಎಚ್‌ಡಿಯಲ್ಲಿ 50 ಎಂಬಿಪಿಎಸ್ ಆದರೆ ಇಪ್ಪತ್ತೆರಡೂವರೆ ಜಿಬಿ. ಈ ಒಂದು ಗುಣಾಕಾರ ನೆನಪಿದ್ದರೆ ಯಾವ ಕೆಲಸಕ್ಕೆ ಎಷ್ಟು ಕಾರ್ಡ್, ಎಷ್ಟು ಡಿಸ್ಕ್ ಬೇಕು ಅಂತ ಫೋನಿನಲ್ಲೇ ಹೇಳಿಬಿಡಬಹುದು.

ಇಡೀ ರಾತ್ರಿಯ ಆಟ ಎಂಟು ಗಂಟೆ ಅಂದುಕೊಳ್ಳಿ. ಮೂರೂ ಕ್ಯಾಮೆರಾ 4ಕೆಯಲ್ಲಿ ಓಡಿದರೆ 1080 ಜಿಬಿ. ಒಂದು ಟಿಬಿ ಡಿಸ್ಕ್‌ನಲ್ಲಿ ಹಿಡಿಯುವುದೇ ಇಲ್ಲ. ಅದಕ್ಕೇ ನಾನು ಎದುರಿನ ಕ್ಯಾಮೆರಾ ಒಂದನ್ನು ಮಾತ್ರ 4ಕೆಯಲ್ಲಿ ಇಡುತ್ತೇನೆ. ಇಡೀ ರಂಗಸ್ಥಳ ಅದರಲ್ಲಿರುತ್ತದೆ. ಎಚ್‌ಡಿ ಟೈಮ್‌ಲೈನ್‌ನಲ್ಲಿ ಬೇಕಾದಲ್ಲಿ ಕ್ರಾಪ್ ಮಾಡಿ ಹತ್ತಿರ ಹೋಗಬಹುದು. ಮುಖದ ಮೇಲಿರುವ ಕ್ಯಾಮೆರಾ, ಹಿಮ್ಮೇಳದ ಕ್ಯಾಮೆರಾ ಎರಡೂ ಎಚ್‌ಡಿ. ಆಗ ಒಟ್ಟು 720 ಜಿಬಿ. ಮೂರರಲ್ಲಿ ಒಂದು ಭಾಗ ಜಾಗ ಉಳಿಯಿತು, ನೋಡುವವರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಕಾಲಮಿತಿ ಆಟವಾದರೆ ಇದರ ಅರ್ಧ ಸಾಕು.

ವಿಂಡೋಸ್ ಬಳಸುವವರಿಗೆ ಒಂದು ಮಾತು. ಒಂದು ಟಿಬಿ ಎಂದು ಬರೆದ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುತ್ತದೆ. ಅಂಗಡಿಯವನು ಮೋಸ ಮಾಡಿದ್ದಲ್ಲ, ಎಣಿಸುವ ಕ್ರಮ ಬೇರೆ. ಆದರೆ ಲೆಕ್ಕ ಹಾಕುವಾಗ ನೆನಪಿರಲಿ. ಡಿಸ್ಕ್ ಪೂರ್ತಿ ತುಂಬಿಸಲೂ ಬೇಡಿ. ಹತ್ತು, ಹದಿನೈದು ಶೇಕಡಾ ಜಾಗ ಖಾಲಿ ಬಿಟ್ಟರೆ ಡಿಸ್ಕ್ ನಿಧಾನ ಆಗುವುದಿಲ್ಲ.

ಕಾರ್ಡಿನಿಂದ ಡಿಸ್ಕಿಗೆ

ಫೂಟೇಜ್ ಕಳೆದುಹೋಗುವುದು ಹೆಚ್ಚಾಗಿ ಈ ಹಂತದಲ್ಲೇ. ಬೆಳಗಿನ ಜಾವ, ಕಣ್ಣು ಎಳೆಯುತ್ತಿರುತ್ತದೆ, ಸಂಜೆ ಇನ್ನೊಂದು ಊರಿನಲ್ಲಿ ಆಟ, ಕಾರ್ಡ್ ಖಾಲಿ ಬೇಕು. ಇಂಥ ಹೊತ್ತಿನಲ್ಲಿ ತಲೆ ಓಡಿಸುವ ಕೆಲಸ ಇಟ್ಟುಕೊಳ್ಳಬಾರದು. ಕ್ರಮ ಮೊದಲೇ ಕೈಗೆ ಕೂತಿರಬೇಕು.

ಕೆಲಸಕ್ಕೆ ಒಂದು ಫೋಲ್ಡರ್ ಮಾಡಿ. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಊರು, ಪ್ರಸಂಗ. 2025-01-18_ಕೋಟೇಶ್ವರ_ಕರ್ಣಪರ್ವ, ಹೀಗೆ. ವರ್ಷ ಮುಂದಿದ್ದರೆ ಫೋಲ್ಡರ್‌ಗಳು ತಾವಾಗಿಯೇ ತಾರೀಖಿನ ಸಾಲಿನಲ್ಲಿ ನಿಲ್ಲುತ್ತವೆ. ಒಳಗೆ ಕ್ಯಾಮೆರಾ, ಆಡಿಯೋ, ಪ್ರಾಜೆಕ್ಟ್, ಗ್ರಾಫಿಕ್ಸ್, ಎಕ್ಸ್‌ಪೋರ್ಟ್ ಎಂದು ಐದು ಫೋಲ್ಡರ್. ಕ್ಯಾಮೆರಾದ ಒಳಗೆ ಎದುರು, ಮುಖ, ಹಿಮ್ಮೇಳ. ಅದರೊಳಗೆ ಕಾರ್ಡ್1, ಕಾರ್ಡ್2. ಖಾಲಿ ಫೋಲ್ಡರ್‌ಗಳ ಈ ಗುಚ್ಛವನ್ನು ಒಮ್ಮೆ ಮಾಡಿಟ್ಟುಕೊಂಡು ಪ್ರತಿ ಕೆಲಸಕ್ಕೂ ನಕಲು ಮಾಡಿ.

ಸೋನಿ ಕಾರ್ಡ್ ತೆರೆದರೆ ಪ್ರೈವೇಟ್ ಎಂಬ ಫೋಲ್ಡರ್, ಅದರೊಳಗೆ ಎಂ4ರೂಟ್, ಅದರೊಳಗೆ ಕ್ಲಿಪ್. ವಿಡಿಯೋಗಳು ಕ್ಲಿಪ್ ಒಳಗಿರುತ್ತವೆ. ಪ್ರತಿ ವಿಡಿಯೋದ ಪಕ್ಕ ಅದೇ ಹೆಸರಿನಿಂದ ಶುರುವಾಗುವ ಚಿಕ್ಕ ಎಕ್ಸ್‌ಎಂಎಲ್ ಫೈಲ್ ಒಂದಿರುತ್ತದೆ, ಶೂಟಿಂಗ್ ವಿವರ ಇರುವುದು ಅದರಲ್ಲಿ. ಬರೀ ವಿಡಿಯೋ ಆರಿಸಿ ಎಳೆಯಬೇಡಿ. ಕಾರ್ಡಿನಲ್ಲಿ ಇರುವುದನ್ನೆಲ್ಲ ಇದ್ದ ಹಾಗೇ ನಕಲು ಮಾಡಿ.

ನಕಲಿಗೆ ಮ್ಯಾಕ್‌ನ ಫೈಂಡರ್ ಬಳಸುವುದಕ್ಕಿಂತ ರಿಸಾಲ್ವ್‌ನಲ್ಲೇ ಇರುವ ಕ್ಲೋನ್ ಟೂಲ್ ಒಳ್ಳೆಯದು. ಮೀಡಿಯಾ ಪೇಜ್‌ನ ಮೇಲ್ಗಡೆ ಅದರ ಬಟನ್ ಇದೆ. ಉಚಿತ ಆವೃತ್ತಿಯಲ್ಲೂ ಇದೆ, ಆದರೂ ಬಹಳ ಜನ ಅದನ್ನು ಒತ್ತಿಯೇ ನೋಡಿರುವುದಿಲ್ಲ. ಒಂದು ಜಾಬ್ ಸೇರಿಸಿ, ಕಾರ್ಡನ್ನು ಸೋರ್ಸ್ ಜಾಗಕ್ಕೆ ಎಳೆಯಿರಿ. ಡೆಸ್ಟಿನೇಷನ್ ಜಾಗಕ್ಕೆ ಎರಡು ಡಿಸ್ಕಿನ ಎರಡು ಫೋಲ್ಡರ್ ಎಳೆಯಿರಿ. ಒಂದೇ ಸಲಕ್ಕೆ ಎರಡು ಪ್ರತಿ ಆಗುತ್ತದೆ. ಮುಖ್ಯ ಗುಣ ಇನ್ನೊಂದಿದೆ. ಚೆಕ್‌ಸಮ್ ಆರಿಸಿಟ್ಟರೆ ನಕಲಾದ ಮೇಲೆ ಎರಡೂ ಕಡೆಯ ಫೈಲುಗಳನ್ನು ತಾಳೆ ನೋಡುತ್ತದೆ. ನಡುವೆ ಕೇಬಲ್ ಅಲುಗಾಡಿ ಫೈಲ್ ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಫೈಂಡರ್‌ನಲ್ಲಿ ಹೆಸರು, ಸೈಜ್ ಸರಿಯಾಗಿ ಕಂಡರೂ ಒಳಗೆ ಕೆಟ್ಟಿರಬಹುದು. ಅದು ಎಡಿಟ್ ಮಾಡುವ ದಿನವೇ ಗೊತ್ತಾಗುವುದು, ಅಷ್ಟರಲ್ಲಿ ಕಾರ್ಡ್ ಫಾರ್ಮ್ಯಾಟ್ ಆಗಿರುತ್ತದೆ.

ಹೊತ್ತು ಎಷ್ಟು ಹಿಡಿಯುತ್ತದೆ? 128 ಜಿಬಿ ಕಾರ್ಡ್ ಸೆಕೆಂಡಿಗೆ 90 ಎಂಬಿ ಓದಿದರೆ ಸುಮಾರು 24 ನಿಮಿಷ. ಹಳೆಯ ಯುಎಸ್‌ಬಿ 2 ಕಾರ್ಡ್ ರೀಡರ್ ಹಾಕಿದರೆ ಒಂದು ಗಂಟೆಯ ಹತ್ತಿರ ಹೋಗುತ್ತದೆ. ದುಬಾರಿ ಡಿಸ್ಕ್ ಕೊಳ್ಳುವ ಮೊದಲು ಒಳ್ಳೆಯ ಕಾರ್ಡ್ ರೀಡರ್ ಕೊಳ್ಳಿ.

ಎರಡೂ ಪ್ರತಿ ಆಗಿ, ಎರಡರಲ್ಲೂ ಒಂದೆರಡು ಕ್ಲಿಪ್ ಮಧ್ಯದಿಂದ, ಕೊನೆಯಿಂದ ಓಡಿಸಿ ನೋಡಿದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್. ಅದನ್ನೂ ಕ್ಯಾಮೆರಾದಲ್ಲೇ ಮಾಡಿ, ಕಂಪ್ಯೂಟರ್‌ನಲ್ಲಿ ಬೇಡ. ನಕಲಾದ ಕಾರ್ಡಿಗೆ ನಾನು ಹಸಿರು ಟೇಪ್ ಸುತ್ತಿ ಬೇರೆ ಡಬ್ಬಿಗೆ ಹಾಕುತ್ತೇನೆ. ಟೇಪ್ ಇಲ್ಲದ ಕಾರ್ಡನ್ನು ಯಾರೂ ಮುಟ್ಟುವಂತಿಲ್ಲ.

ಒಂದೇ ಹೆಸರಿನ ಎರಡು ಫೈಲ್

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕಾರ್ಡ್ ಫಾರ್ಮ್ಯಾಟ್ ಮಾಡಿದ ಮೇಲೆ ಮತ್ತೆ ಒಂದರಿಂದ ಎಣಿಸುವ ಹಾಗೆ ಕ್ಯಾಮೆರಾ ಸೆಟ್ ಆಗಿದ್ದರೆ ಎದುರು ಕ್ಯಾಮೆರಾದ ಮೊದಲ ಕ್ಲಿಪ್ ಸಿ0001. ಮುಖದ ಕ್ಯಾಮೆರಾದ್ದೂ ಸಿ0001. ಹಿಮ್ಮೇಳದ್ದೂ ಸಿ0001. ಎರಡನೇ ಕಾರ್ಡ್ ಹಾಕಿದರೆ ಇನ್ನೂ ಮೂರು ಸಿ0001. ಎಡಿಟ್ ಮಾಡುವಾಗ ಏನೂ ತೊಂದರೆ ಇಲ್ಲ, ಯಾಕೆಂದರೆ ಪ್ರತಿ ಕ್ಲಿಪ್ ಯಾವ ಫೋಲ್ಡರಿನಲ್ಲಿದೆ ಅಂತ ರಿಸಾಲ್ವ್‌ಗೆ ಗೊತ್ತಿರುತ್ತದೆ. ಡಿಸ್ಕ್ ಬದಲಾಗಿ, ಲಿಂಕ್ ಹೋಗಿ, ಮತ್ತೆ ಹುಡುಕಿಸುವ ದಿನ ನೋಡಿ ಕಷ್ಟ. ಹೆಸರು ಹಿಡಿದು ಹುಡುಕುವಾಗ ಭಾಗವತರು ಇರಬೇಕಾದ ಜಾಗದಲ್ಲಿ ಇನ್ನೊಂದು ಕ್ಯಾಮೆರಾದ ಚಿತ್ರ ಬಂದು ಕೂರಬಹುದು. ಎಂಟು ಗಂಟೆಯ ಟೈಮ್‌ಲೈನ್‌ನಲ್ಲಿ ಅದನ್ನು ಒಂದೊಂದಾಗಿ ಸರಿಮಾಡುವುದು ಯಾರಿಗೂ ಬೇಡ.

ಪರಿಹಾರ ಎರಡು. ಹೊಸ ಸೋನಿ ಕ್ಯಾಮೆರಾಗಳ ಫೈಲ್ ಸೆಟ್ಟಿಂಗ್ಸ್‌ನಲ್ಲಿ ಹೆಸರಿನ ಮುಂದೆ ನಮ್ಮದೇ ಅಕ್ಷರ ಸೇರಿಸಬಹುದು. ಎಣಿಕೆ ಮುಂದುವರಿಯುತ್ತಲೇ ಇರಲಿ ಅಂತಲೂ ಹೇಳಬಹುದು. ಎರಡನ್ನೂ ಮಾಡಿ. ಹಳೆಯ ಕ್ಯಾಮೆರಾ ಆದರೆ, ಎರಡು ಪ್ರತಿ ಮಾಡಿ ತಾಳೆ ನೋಡಿದ ಮೇಲೆ, ರಿಸಾಲ್ವ್‌ಗೆ ತರುವ ಮೊದಲು, ಹೆಸರು ಬದಲಿಸಿ. ಎದುರು_ಕಾರ್ಡ್1_ಸಿ0001, ಹೀಗೆ. ಫೈಂಡರ್‌ನಲ್ಲಿ ಎಲ್ಲವನ್ನೂ ಆರಿಸಿ ರೈಟ್ ಕ್ಲಿಕ್ ಮಾಡಿ ರಿನೇಮ್ ಒತ್ತಿದರೆ ಎಲ್ಲಕ್ಕೂ ಒಟ್ಟಿಗೇ ಮುಂದೆ ಅಕ್ಷರ ಸೇರಿಸಬಹುದು. ಎಕ್ಸ್‌ಎಂಎಲ್ ಫೈಲುಗಳನ್ನೂ ಜೊತೆಗೇ ಆರಿಸಿ. ಎರಡೂ ಡಿಸ್ಕಿನಲ್ಲಿ ಒಂದೇ ಹೆಸರಿರಲಿ. ಒಮ್ಮೆ ರಿಸಾಲ್ವ್‌ಗೆ ತಂದ ಮೇಲೆ ಫೈಲಿನ ಹೆಸರನ್ನು ಹೊರಗಿನಿಂದ ಮುಟ್ಟಲೇಬೇಡಿ. ಒಳಗೆ ಬೇರೆ ಹೆಸರು ಬೇಕು ಅನಿಸಿದರೆ ಮೀಡಿಯಾ ಪೂಲ್‌ನಲ್ಲಿ (ರಿಸಾಲ್ವ್‌ಗೆ ತಂದ ಕ್ಲಿಪ್‌ಗಳೆಲ್ಲ ಕಾಣುವ ಜಾಗ) ಕ್ಲಿಪ್‌ನ ಹೆಸರು ಬದಲಿಸಿ, ಡಿಸ್ಕಿನಲ್ಲಿರುವ ಫೈಲಿಗೆ ಅದರಿಂದ ಏನೂ ಆಗುವುದಿಲ್ಲ.

ಜೂಮ್‌ನಂಥ ರೆಕಾರ್ಡರ್‌ನಲ್ಲಿ ಚೆಂಡೆ, ಮದ್ದಳೆ, ಭಾಗವತಿಕೆ ಬೇರೆಯಾಗಿ ಹಿಡಿಯುವವರು ಗಮನಿಸಿ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ಗಂಟೆಗೆ ಸುಮಾರು ಒಂದು ಜಿಬಿ. ಜಾಗದ ಚಿಂತೆ ಇಲ್ಲ. ಆದರೆ 2 ಜಿಬಿ ಮುಟ್ಟಿದೊಡನೆ ಹೊಸ ಫೈಲ್ ಶುರುವಾಗುವ ರೆಕಾರ್ಡರ್‌ಗಳಿವೆ. ಒಂದೇ ರಾತ್ರಿಗೆ ನಾಲ್ಕು ತುಂಡು ಇರಬಹುದು. ಒಂದನ್ನೇ ಎಳೆದುಕೊಂಡು ಬಂದು ಆಮೇಲೆ ಆಡಿಯೋ ಅರ್ಧಕ್ಕೆ ನಿಂತಿದೆ ಅನ್ನಬೇಡಿ.

ಯಾವ ಡಿಸ್ಕಿನಲ್ಲಿ ಏನು

ನಡೆಯುತ್ತಿರುವ ಕೆಲಸ ಎರಡು ಟಿಬಿ ಹೊರಗಿನ ಎಸ್‌ಎಸ್‌ಡಿಯಲ್ಲಿ. ಎರಡನೇ ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ. ಮುಗಿದ ಕೆಲಸದ ಎರಡೂ ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ. ವರ್ಷಗಟ್ಟಲೆ ಕರೆಂಟ್ ಕಾಣದೆ ಕಪಾಟಿನಲ್ಲಿ ಕೂರುವ ಕೆಲಸಕ್ಕೆ ಎಸ್‌ಎಸ್‌ಡಿ ತಕ್ಕದ್ದಲ್ಲ. ಅದರಲ್ಲಿ ಡೇಟಾ ನಿಂತಿರುವುದು ವಿದ್ಯುತ್ ಚಾರ್ಜ್ ಮೇಲೆ, ಬಹಳ ಕಾಲ ಹಾಗೇ ಬಿಟ್ಟರೆ ಅದು ಸೋರುತ್ತದೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರೈವತ್ತು ಎಂಬಿ ಆಸುಪಾಸು ಓಡುತ್ತದೆ, ಮೂರು ಕ್ಯಾಮೆರಾ ಒಟ್ಟಿಗೆ ಓಡಿಸುವಾಗ ತಲೆ ಅತ್ತಿತ್ತ ಓಡಾಡಿ ತೊದಲುತ್ತದೆ. ಇಡಲು ಚೆನ್ನ, ಎಡಿಟ್‌ಗೆ ಅಲ್ಲ.

ಮೇಳದವರಿಗೆ, ಆಟ ಆಡಿಸಿದ ಮನೆಯವರಿಗೆ ಕೊಡುವ ಡಿಸ್ಕ್ ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿರಲಿ. ಮ್ಯಾಕ್, ವಿಂಡೋಸ್ ಎರಡರಲ್ಲೂ ಓದಬಹುದು, ಬರೆಯಬಹುದು. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಮ್ಯಾಕ್‌ನಿಂದ ಎಕ್ಸ್‌ಫ್ಯಾಟ್‌ಗೆ ಹಾಕಿದ ಪ್ರತಿ ವಿಡಿಯೋದ ಪಕ್ಕದಲ್ಲೂ ಚುಕ್ಕೆ, ಅಡಿಗೆರೆಯಿಂದ ಶುರುವಾಗುವ ಅದೇ ಹೆಸರಿನ 4 ಕೆಬಿ ಫೈಲ್ ಹುಟ್ಟಬಹುದು. ಮ್ಯಾಕ್‌ನಲ್ಲಿ ಅವು ಕಾಣುವುದಿಲ್ಲ. ಅವರ ಮನೆಯ ವಿಂಡೋಸ್‌ನಲ್ಲಿ ಕಾಣುತ್ತವೆ, ಕ್ಲಿಕ್ ಮಾಡಿದರೆ ತೆರೆಯುವುದಿಲ್ಲ, ತಕ್ಷಣ ನಿಮಗೆ ಫೋನ್ ಬರುತ್ತದೆ, ವಿಡಿಯೋ ಕೆಟ್ಟಿದೆ ಅಂತ. ಅವು ವಿಡಿಯೋ ಅಲ್ಲ, ಅಳಿಸಿದರೆ ತೊಂದರೆ ಇಲ್ಲ ಎಂದು ಡಿಸ್ಕ್ ಕೊಡುವಾಗಲೇ ಹೇಳಿಬಿಡಿ. ಎಕ್ಸ್‌ಫ್ಯಾಟ್ ಡಿಸ್ಕನ್ನು ಇಜೆಕ್ಟ್ ಮಾಡದೆ ಎಳೆಯುವ ಅಭ್ಯಾಸವಂತೂ ಬೇಡವೇ ಬೇಡ.

ರಿಸಾಲ್ವ್ ತೆರೆದ ಮೇಲೆ, ಫೂಟೇಜ್ ತರುವ ಮೊದಲು

ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಮೀಡಿಯಾ ಸ್ಟೋರೇಜ್. ಅಲ್ಲಿರುವ ಪಟ್ಟಿಯಲ್ಲಿ ಮೊದಲನೆಯ ಸಾಲು ಬಹಳ ಮುಖ್ಯ. ಬೇರೆ ಹೇಳದಿದ್ದರೆ ಕ್ಯಾಶ್, ಗ್ಯಾಲರಿ ಎಲ್ಲ ಹೋಗಿ ಬೀಳುವುದು ಆ ಜಾಗಕ್ಕೇ. ಅದು ಕಂಪ್ಯೂಟರ್ ಒಳಗಿನ ಡಿಸ್ಕ್ ಆಗಿದ್ದರೆ ಕೆಲವೇ ದಿನದಲ್ಲಿ 256 ಜಿಬಿ ಭರ್ತಿ. ಹೊರಗಿನ ಎಸ್‌ಎಸ್‌ಡಿಯನ್ನು ಮೊದಲ ಸಾಲಿಗೆ ತನ್ನಿ.

ಆಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಮಾಸ್ಟರ್ ಸೆಟ್ಟಿಂಗ್ಸ್, ಅದರ ಕೆಳಗೆ ವರ್ಕಿಂಗ್ ಫೋಲ್ಡರ್ಸ್. ಪ್ರಾಕ್ಸಿ ಎಲ್ಲಿ, ಕ್ಯಾಶ್ ಎಲ್ಲಿ, ಗ್ಯಾಲರಿ ಸ್ಟಿಲ್ಸ್ ಎಲ್ಲಿ ಎಂದು ಬೇರೆಬೇರೆ ಹೇಳಬಹುದು. ಪ್ರಾಕ್ಸಿ, ಕ್ಯಾಶ್ ಎರಡನ್ನೂ ಎಸ್‌ಎಸ್‌ಡಿಯಲ್ಲಿ "ಅಳಿಸಬಹುದು" ಎಂಬ ಹೆಸರಿನ ಫೋಲ್ಡರಿಗೆ ಕಳಿಸಿ. ಹೆಸರು ನೋಡಿದರೇ ಗೊತ್ತಾಗಬೇಕು. ಗ್ಯಾಲರಿಯನ್ನು ಮಾತ್ರ ಕೆಲಸದ ಫೋಲ್ಡರಿನ ಒಳಗಿಡಿ. ಮುಖಕ್ಕೆ ಇಟ್ಟ ಚುಟ್ಟಿಯ ಬಿಳಿ, ಕೇಸರಿ, ರಂಗಸ್ಥಳದ ಹಳದಿ ಬೆಳಕು ಎಲ್ಲ ಹೊಂದಿಸಿ ಉಳಿಸಿದ ಸ್ಟಿಲ್‌ಗಳು ಅಲ್ಲಿರುತ್ತವೆ. ಆ ಫೋಲ್ಡರಿನ ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಮ್ಯಾಕ್‌ನಲ್ಲಿ ಕಾಣುವುದಿಲ್ಲ. ಕಮಾಂಡ್, ಶಿಫ್ಟ್, ಚುಕ್ಕೆ ಒಟ್ಟಿಗೆ ಒತ್ತಿದರೆ ಕಾಣುತ್ತದೆ. ಕ್ಯಾಶ್ ಅಳಿಸುವ ಭರದಲ್ಲಿ ಡಿಸ್ಕನ್ನೇ ಫಾರ್ಮ್ಯಾಟ್ ಮಾಡುವವರು ಇದನ್ನೂ ಜೊತೆಗೆ ಕಳೆದುಕೊಳ್ಳುತ್ತಾರೆ.

ಈಗ ಪ್ರಾಜೆಕ್ಟ್. ಪ್ರೀಮಿಯರ್, ಎಡಿಯಸ್‌ನಂಥ ಬೇರೆ ಎಡಿಟಿಂಗ್ ಸಾಫ್ಟ್‌ವೇರ್‌ನಿಂದ ಬಂದವರಿಗೆ ಇಲ್ಲೇ ಗೊಂದಲ ಆಗುವುದು. ಅಲ್ಲಿ ಪ್ರಾಜೆಕ್ಟ್ ಎಂದರೆ ಫೂಟೇಜ್ ಪಕ್ಕದಲ್ಲೇ ಕಾಣುವ ಒಂದು ಫೈಲ್. ರಿಸಾಲ್ವ್‌ನಲ್ಲಿ ಹಾಗಲ್ಲ. ಎಲ್ಲ ಪ್ರಾಜೆಕ್ಟ್‌ಗಳೂ ಪ್ರಾಜೆಕ್ಟ್ ಲೈಬ್ರರಿ ಎಂಬ ಡೇಟಾಬೇಸ್ ಒಳಗಿರುತ್ತವೆ, ನೀವು ಬದಲಿಸದಿದ್ದರೆ ಅದು ಕಂಪ್ಯೂಟರ್ ಒಳಗಿನ ಡಿಸ್ಕಿನಲ್ಲಿರುತ್ತದೆ. ಫೂಟೇಜ್ ಎಲ್ಲ ಹೊರಗಿನ ಡಿಸ್ಕಿನಲ್ಲಿ ಇದೆಯಲ್ಲ ಎಂದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರೆ ವಿಡಿಯೋಗಳು ಉಳಿಯುತ್ತವೆ, ಕತ್ತರಿಸಿದ ಕೆಲಸ ಪೂರ್ತಿ ಹೋಗುತ್ತದೆ.

ಅದಕ್ಕೆ ಮೂರು ಕೆಲಸ. ಪ್ರಿಫರೆನ್ಸಸ್‌ನಲ್ಲಿ ಯೂಸರ್, ಅದರಲ್ಲಿ ಪ್ರಾಜೆಕ್ಟ್ ಸೇವ್ ಅಂಡ್ ಲೋಡ್ ತೆರೆದು ಲೈವ್ ಸೇವ್ ಆನ್ ಇದೆಯಾ ನೋಡಿ. ಅಲ್ಲೇ ಪ್ರಾಜೆಕ್ಟ್ ಬ್ಯಾಕಪ್ಸ್ ಆನ್ ಮಾಡಿ, ಬ್ಯಾಕಪ್ ಜಾಗವನ್ನು ಹೊರಗಿನ ಡಿಸ್ಕಿಗೆ ಬದಲಿಸಿ. ದಿನದ ಕೆಲಸ ಮುಗಿದ ಮೇಲೆ ಫೈಲ್ ಮೆನುವಿನಿಂದ ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಮಾಡಿ. ಡಿಆರ್‌ಪಿ ಎಂಬ ಚಿಕ್ಕ ಫೈಲ್ ಬರುತ್ತದೆ. ಅದರಲ್ಲಿ ವಿಡಿಯೋ ಇರುವುದಿಲ್ಲ, ಎಲ್ಲಿ ಕತ್ತರಿಸಿದೆ, ಏನು ಹಚ್ಚಿದೆ ಅನ್ನುವುದು ಮಾತ್ರ. ಕೆಲಸದ ಪ್ರಾಜೆಕ್ಟ್ ಫೋಲ್ಡರಿಗೆ ತಾರೀಖು ಹಾಕಿ ಸೇರಿಸಿ, ಇಮೇಲ್‌ನಲ್ಲೂ ನಿಮಗೇ ಒಂದು ಕಳಿಸಿಕೊಳ್ಳಿ.

ಪ್ರಾಕ್ಸಿ ಮತ್ತು ಕ್ಯಾಶ್

ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿ ಮಲ್ಟಿಕ್ಯಾಮ್‌ನಲ್ಲಿ ಕತ್ತರಿಸುವಾಗ ಕಂಪ್ಯೂಟರ್ ತೊದಲಿದರೆ ಚೆಂಡೆಯ ಪೆಟ್ಟಿಗೆ ಸರಿಯಾಗಿ ಕಟ್ ಹಾಕಲು ಆಗುವುದಿಲ್ಲ. ಮೀಡಿಯಾ ಪೂಲ್‌ನಲ್ಲಿ 4ಕೆ ಕ್ಲಿಪ್‌ಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, ಜನರೇಟ್ ಪ್ರಾಕ್ಸಿ ಮೀಡಿಯಾ ಒತ್ತಿ. ಅರ್ಧ ರೆಸಲ್ಯೂಷನ್, ಪ್ರೋರೆಸ್ ಪ್ರಾಕ್ಸಿ ಎಂಬ ಫಾರ್ಮ್ಯಾಟ್ ಆದರೆ ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೋಗೆ 38 ಎಂಬಿಪಿಎಸ್, ಗಂಟೆಗೆ 17 ಜಿಬಿ. ಎಂಟು ಗಂಟೆಗೆ ಸುಮಾರು 137 ಜಿಬಿ. ಜಾಗ ಇಲ್ಲದಿದ್ದರೆ ಕಾಲು ರೆಸಲ್ಯೂಷನ್ ಮಾಡಿ, ಕಟ್ ಮಾಡುವುದಕ್ಕೆ ಅಷ್ಟು ಸಾಕು. ಎಚ್‌ಡಿ ಕ್ಲಿಪ್‌ಗಳಿಗೆ ನಾನು ಪ್ರಾಕ್ಸಿ ಮಾಡುವುದೇ ಇಲ್ಲ. ಮಲಗುವ ಮೊದಲು ಹಚ್ಚಿಟ್ಟರೆ ಬೆಳಿಗ್ಗೆ ಆಗಿರುತ್ತದೆ.

ಪ್ಲೇಬ್ಯಾಕ್ ಮೆನುವಿನಲ್ಲಿ ಪ್ರಾಕ್ಸಿ ಹ್ಯಾಂಡ್ಲಿಂಗ್ ಇದೆ. ಕಟ್ ಮಾಡುವಾಗ ಪ್ರಿಫರ್ ಪ್ರಾಕ್ಸೀಸ್, ಕಲರ್ ಮಾಡುವಾಗ ಪ್ರಿಫರ್ ಕ್ಯಾಮೆರಾ ಒರಿಜಿನಲ್ಸ್. ಪ್ರಾಕ್ಸಿ ಮೇಲೆ ಬಣ್ಣ ನೋಡಬೇಡಿ. ಕೊನೆಯ ಎಕ್ಸ್‌ಪೋರ್ಟ್ ಹೇಗೂ ಮೂಲ ಫೂಟೇಜ್‌ನಿಂದಲೇ ಆಗುತ್ತದೆ, ಡೆಲಿವರ್ ಪೇಜ್‌ನಲ್ಲಿ ಯೂಸ್ ಪ್ರಾಕ್ಸಿ ಮೀಡಿಯಾಕ್ಕೆ ಟಿಕ್ ಹಾಕದಿದ್ದರೆ ಸರಿ. ಆಪ್ಟಿಮೈಸ್ಡ್ ಮೀಡಿಯಾ ಅಂತ ಹಳೆಯ ದಾರಿ ಒಂದಿದೆ. ಅದು ಮಾಡುವ ಫೈಲುಗಳಿಗೆ ನಮಗೆ ಓದಲು ಬರುವ ಹೆಸರೇ ಇರುವುದಿಲ್ಲ. ಪ್ರಾಕ್ಸಿ ಇರುವಾಗ ಅದು ಬೇಡ.

ಜಾಗ ನಿಜವಾಗಿ ತಿನ್ನುವುದು ರೆಂಡರ್ ಕ್ಯಾಶ್. ಪ್ಲೇಬ್ಯಾಕ್‌ನಲ್ಲಿ ರೆಂಡರ್ ಕ್ಯಾಶ್ ಅನ್ನು ಸ್ಮಾರ್ಟ್‌ಗೆ ಇಟ್ಟರೆ ಯಾವುದು ಭಾರ ಅನ್ನುವುದನ್ನು ರಿಸಾಲ್ವ್ ತಾನೇ ತೀರ್ಮಾನ ಮಾಡಿ, ನೀವು ಕೆಲಸ ನಿಲ್ಲಿಸಿದ ಕೆಲವು ಸೆಕೆಂಡಿನಲ್ಲಿ ರೆಂಡರ್ ಶುರು ಮಾಡುತ್ತದೆ. ಟೈಮ್‌ಲೈನ್ ಮೇಲಿನ ಕೆಂಪು ಗೆರೆ ನೀಲಿ ಆಗುತ್ತಾ ಹೋಗುವುದು ಅದೇ. 4ಕೆ ಟೈಮ್‌ಲೈನ್, ಪ್ರೋರೆಸ್ 422 ಎಚ್‌ಕ್ಯೂ, 25 ಫ್ರೇಮ್ ಆದರೆ 737 ಎಂಬಿಪಿಎಸ್. ಗಂಟೆಗೆ 330 ಜಿಬಿ ದಾಟುತ್ತದೆ. ಒಂದು ಗಂಟೆಯ ಕ್ಯಾಶ್ ಎಂದರೆ ಕ್ಯಾಮೆರಾದ ಏಳು ಗಂಟೆಯ 4ಕೆ ಫೂಟೇಜ್‌ನಷ್ಟು!

ಹಾಗಾಗಿ ಸ್ಮಾರ್ಟ್ ಬೇಡ, ಯೂಸರ್ ಇಡಿ. ಆಗ ನೀವು ಹೇಳಿದ ಕ್ಲಿಪ್ ಮಾತ್ರ ಕ್ಯಾಶ್ ಆಗುತ್ತದೆ. ಯೂಸರ್‌ನಲ್ಲಿದ್ದಾಗಲೂ ಟ್ರಾನ್ಸಿಷನ್, ಕಾಂಪೊಸಿಟ್, ಫ್ಯೂಷನ್ ಇವನ್ನು ತಾನಾಗಿ ಕ್ಯಾಶ್ ಮಾಡುವ ಟಿಕ್‌ಗಳು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿವೆ, ಬೇಡದ್ದನ್ನು ತೆಗೆಯಿರಿ. ಅಲ್ಲೇ ರೆಂಡರ್ ಕ್ಯಾಶ್ ಫಾರ್ಮ್ಯಾಟ್ ಕೂಡ ಇದೆ. ಎಚ್‌ಕ್ಯೂ ಬದಲು ಪ್ರೋರೆಸ್ 422 ಎಲ್‌ಟಿ ಆರಿಸಿದರೆ ಅರ್ಧಕ್ಕಿಂತ ಕಡಿಮೆ ಜಾಗ ಸಾಕು. ಟೈಮ್‌ಲೈನ್ ಎಚ್‌ಡಿ ಆಗಿದ್ದರೆ ಅದರಲ್ಲೂ ಕಾಲು ಭಾಗ.

ಅಳಿಸುವುದು ಸುಲಭ. ಪ್ಲೇಬ್ಯಾಕ್, ಡಿಲೀಟ್ ರೆಂಡರ್ ಕ್ಯಾಶ್, ಅನ್‌ಯೂಸ್ಡ್. ವಾರಕ್ಕೊಮ್ಮೆ ಮಾಡಿ. ಕೆಲಸ ಒಪ್ಪಿಸಿದ ಮೇಲೆ ಅದೇ ಮೆನುವಿನ ಆಲ್. ಹಳೆಯ ಪ್ರಾಜೆಕ್ಟ್‌ಗಳ ಕ್ಯಾಶ್ ಉಳಿದಿದ್ದರೆ ರಿಸಾಲ್ವ್ ಮುಚ್ಚಿ, ಕ್ಯಾಶ್‌ಕ್ಲಿಪ್ ಎಂಬ ಫೋಲ್ಡರಿನ ಒಳಗಿರುವುದನ್ನೆಲ್ಲ ಕೈಯಿಂದಲೇ ಅಳಿಸಬಹುದು. ಪ್ರೀಮಿಯರ್ ಬಳಸುವವರು ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಶ್ ತೆರೆದು ಜಾಗವನ್ನು ಹೊರಗಿನ ಡಿಸ್ಕಿಗೆ ಬದಲಿಸಿ, ಹಳೆಯದನ್ನು ತಾನಾಗಿ ಅಳಿಸುವಂತೆ ದಿನ ಗೊತ್ತುಮಾಡಿ. ಅಷ್ಟು ಮಾಡಿದರೆ ಅಲ್ಲಿಯೂ ಅರ್ಧ ತಲೆನೋವು ಕಡಿಮೆ.

ಡೆಡ್‌ಲೈನ್ ದಿನ ಡಿಸ್ಕ್ ತುಂಬಿಬಿಟ್ಟರೆ ಅಳಿಸುವ ಕ್ರಮ ಹೀಗಿರಲಿ. ಮೊದಲು ರೆಂಡರ್ ಕ್ಯಾಶ್. ಆಮೇಲೆ ತಿದ್ದುಪಡಿಗೆಂದು ಕಳಿಸಿದ ಹಳೆಯ ಎಕ್ಸ್‌ಪೋರ್ಟ್‌ಗಳು. ಆಮೇಲೆ ಪ್ರಾಕ್ಸಿ. ಅಲ್ಲಿಗೆ ನಿಲ್ಲಿಸಿ. ಇನ್ನೂ ಜಾಗ ಬೇಕಾದರೆ ಹೊಸ ಡಿಸ್ಕ್ ತನ್ನಿ. "ಇದು ಬೇಡದ ಕ್ಲಿಪ್" ಎಂದು ಅವಸರದಲ್ಲಿ ಫೂಟೇಜ್‌ಗೆ ಕೈ ಹಾಕಬೇಡಿ.

ಲಿಂಕ್ ಹೋದಾಗ

ಮೀಡಿಯಾ ಆಫ್‌ಲೈನ್ ಎಂದು ಟೈಮ್‌ಲೈನ್ ಕೆಂಪಾದರೆ ಎದೆ ಧಸಕ್ ಅನ್ನುತ್ತದೆ. ಫೂಟೇಜ್ ಹೆಚ್ಚಾಗಿ ಎಲ್ಲೂ ಹೋಗಿರುವುದಿಲ್ಲ, ದಾರಿ ತಪ್ಪಿರುತ್ತದೆ ಅಷ್ಟೇ. ಮೊದಲು ಡಿಸ್ಕಿನ ಹೆಸರು ನೋಡಿ. ಮ್ಯಾಕ್ ದಾರಿ ಗುರುತಿಸುವುದು ಡಿಸ್ಕಿನ ಹೆಸರಿನಿಂದ. ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡದೆ ಎಳೆದು ಮತ್ತೆ ಹಾಕಿದಾಗ ಕೆಲವೊಮ್ಮೆ ಹಳೆಯ ಹೆಸರು ಒಳಗೊಳಗೇ ಉಳಿದು, ಡಿಸ್ಕ್ ಬೇರೆ ದಾರಿಯಲ್ಲಿ, ಹೆಸರಿನ ಕೊನೆಗೆ 1 ಸೇರಿಸಿಕೊಂಡು ಕೂರುತ್ತದೆ. ಇಜೆಕ್ಟ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ಬಹಳ ಸಲ ಅಷ್ಟಕ್ಕೇ ಎಲ್ಲ ಕ್ಲಿಪ್ ವಾಪಸ್ ಬರುತ್ತವೆ. ವಿಂಡೋಸ್‌ನಲ್ಲಿ ಡ್ರೈವ್‌ನ ಅಕ್ಷರ ಬದಲಾಗಿರುತ್ತದೆ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಅಕ್ಷರ ಕೊಡಿ. ರಿಲಿಂಕ್ ಒತ್ತುವುದು ಇದಾದ ಮೇಲೆ.

ಡಿಸ್ಕೇ ಬದಲಾಗಿದ್ದರೆ ಮೀಡಿಯಾ ಪೂಲ್‌ನಲ್ಲಿ ಬಿನ್ (ರಿಸಾಲ್ವ್ ಒಳಗಿನ ಫೋಲ್ಡರ್) ಮೇಲೆ ರೈಟ್ ಕ್ಲಿಕ್ ಮಾಡಿ ರಿಲಿಂಕ್ ಆರಿಸಿ. ಎಲ್ಲ ಬಿನ್ ಒಟ್ಟಿಗೆ ಬೇಡ. ಎದುರು ಕ್ಯಾಮೆರಾದ ಬಿನ್‌ಗೆ ಎದುರು ಫೋಲ್ಡರ್, ಹಿಮ್ಮೇಳದ ಬಿನ್‌ಗೆ ಹಿಮ್ಮೇಳದ ಫೋಲ್ಡರ್. ಡಿಸ್ಕಿನಲ್ಲಿ ಹೇಗೆ ಫೋಲ್ಡರ್ ಮಾಡಿದ್ದೀರೋ ಅದೇ ಹೆಸರಿನ ಬಿನ್‌ಗಳು ಒಳಗೂ ಇದ್ದರೆ ಇದು ಐದು ನಿಮಿಷದ ಕೆಲಸ.

ಕೆಲಸ ಮುಗಿದ ಮೇಲೆ

ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರ್ಕೈವ್ ಎಂದಿದೆ. ಮೀಡಿಯಾ ಫೈಲ್ಸ್‌ಗೆ ಟಿಕ್ ಹಾಕಿ, ರೆಂಡರ್ ಕ್ಯಾಶ್, ಪ್ರಾಕ್ಸಿ ಎರಡರ ಟಿಕ್ ತೆಗೆಯಿರಿ. ಡಿಆರ್‌ಎ ಎಂಬ ಫೋಲ್ಡರ್ ಆಗುತ್ತದೆ, ಅದರಲ್ಲಿ ಪ್ರಾಜೆಕ್ಟ್ ಇದೆ, ಅದು ಬಳಸಿದ ಫೂಟೇಜ್‌ನ ನಕಲೂ ಇದೆ. ಡೆಸ್ಕ್‌ಟಾಪ್‌ನಲ್ಲಿದ್ದ ಮೇಳದ ಲೋಗೋ, ಡೌನ್‌ಲೋಡ್ಸ್‌ನಲ್ಲಿದ್ದ ಜಾಹೀರಾತಿನ ಚಿತ್ರ, ಎಲ್ಲ ಬಂದು ಸೇರುತ್ತದೆ. ಫೂಟೇಜ್‌ನಷ್ಟೇ ಜಾಗ ಬೇಕು ಅನ್ನುವುದು ಮರೆಯಬೇಡಿ. ಅದು ಆದ ಮೇಲೆ ಒಮ್ಮೆ ರಿಸ್ಟೋರ್ ಮಾಡಿ ತೆರೆದು ನೋಡಿ. ತೆರೆದು ನೋಡದ ಆರ್ಕೈವ್ ಇದ್ದೂ ಇಲ್ಲದ ಹಾಗೆ.

ಫಾಂಟ್ ಮಾತ್ರ ಅದರಲ್ಲಿ ಬರುವುದಿಲ್ಲ. ಕಲಾವಿದರ ಹೆಸರು ಕನ್ನಡದಲ್ಲಿ ಹಾಕಿದ ಫಾಂಟ್ ಫೈಲನ್ನು ಗ್ರಾಫಿಕ್ಸ್ ಫೋಲ್ಡರಿಗೆ ನೀವೇ ಸೇರಿಸಿ. ಮುಂದೆ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದಾಗ ಫಾಂಟ್ ಇಲ್ಲದೆ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿರುವುದು ಕಲಾವಿದರಿಗೆ ಮಾಡುವ ಅವಮಾನ.

ಮದುವೆಯ ಕೆಲಸವಾದರೆ ಫೈಲ್ ಮೆನುವಿನ ಮೀಡಿಯಾ ಮ್ಯಾನೇಜ್‌ಮೆಂಟ್ ಬಳಸುತ್ತೇನೆ. ಟೈಮ್‌ಲೈನ್ಸ್ ಆರಿಸಿ, ಬಳಸಿದ ಮೀಡಿಯಾ ಮಾತ್ರ ಕಾಪಿ ಮಾಡು ಎಂದರೆ ಟೈಮ್‌ಲೈನ್‌ಗೆ ಬಂದ ಕ್ಲಿಪ್‌ಗಳಷ್ಟೇ ಉಳಿಯುತ್ತವೆ. ಊಟದ ಹಾಲ್‌ನ ಬೇಡದ ಕ್ಲಿಪ್‌ಗಳನ್ನು ಹತ್ತು ವರ್ಷ ಕಾಯಬೇಕಾಗಿಲ್ಲ. ಕಾಪಿ ಬದಲು ಮೂವ್ ಒತ್ತದಂತೆ ನೋಡಿಕೊಳ್ಳಿ. ಆಟಕ್ಕೆ ಈ ಕತ್ತರಿ ಹಾಕುವುದಿಲ್ಲ. ನಾನು ಬಳಸದ ಆ್ಯಂಗಲ್‌ನಲ್ಲಿ ಮದ್ದಳೆಯವರ ಬೆರಳು ಇರುತ್ತದೆ. ಕಲಿಯುವ ಹುಡುಗನೊಬ್ಬ ಮುಂದೊಂದು ದಿನ ಅದನ್ನೇ ಕೇಳಬಹುದು.

ಒಪ್ಪಿಸುವ ವಿಡಿಯೋ ಎಚ್‌ಡಿಯಲ್ಲಿ 20 ಎಂಬಿಪಿಎಸ್ ಆದರೆ ಗಂಟೆಗೆ 9 ಜಿಬಿ, ಎಂಟು ಗಂಟೆಗೆ 72. ಯೂಟ್ಯೂಬ್‌ನಲ್ಲಿ ಒಂದು ವಿಡಿಯೋಗೆ 12 ಗಂಟೆ ಅಥವಾ 256 ಜಿಬಿ ಮಿತಿ, ಹಾಗಾಗಿ ಇಡೀ ರಾತ್ರಿಯ ಆಟ ತುಂಡು ಮಾಡದೆ ಹೋಗುತ್ತದೆ. ಆದರೆ ಯೂಟ್ಯೂಬ್ ಬ್ಯಾಕಪ್ ಅಲ್ಲ. ವಾಪಸ್ ಇಳಿಸಿಕೊಂಡಾಗ ಸಿಗುವುದು ಹಿಂಡಿದ ಪ್ರತಿ.

ಪತ್ತನಾಜೆ (ವರ್ಷದ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯಲ್ಲಿ ಮಳೆ. ಕೆಲಸ ಕಡಿಮೆ, ತೇವ ಜಾಸ್ತಿ. ಡಿಸ್ಕ್‌ಗಳಿಗೆ ನಿಜವಾದ ಪರೀಕ್ಷೆ ಆಗ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಪೊಟ್ಟಣದ ಹರಳು ಬಣ್ಣ ಬದಲಿಸಿದರೆ ಹೊಸದು ಹಾಕಿ. ಡಬ್ಬಿ ನೆಲದ ಮೇಲೆ ಬೇಡ, ಹೊರಗೋಡೆಗೆ ತಾಗಿದ ಕಪಾಟಿನಲ್ಲೂ ಬೇಡ. ಎರಡನೇ ಪ್ರತಿ ಬೇರೆ ಮನೆಯಲ್ಲಿರಲಿ. ನನ್ನದು ಅಕ್ಕನ ಮನೆಯಲ್ಲಿದೆ. ಕರೆಂಟ್ ಹೋಗಿಬಂದು ಮಾಡುವ ದಿನಗಳಲ್ಲಿ ಯುಪಿಎಸ್ ಇಲ್ಲದೆ ನಕಲು ಮಾಡಬೇಡಿ. ಇದೇ ಬಿಡುವಿನಲ್ಲಿ ಪ್ರತಿ ಡಿಸ್ಕನ್ನೂ ಒಮ್ಮೆ ಹಚ್ಚಿ, ಡಿಸ್ಕ್ ಯುಟಿಲಿಟಿಯಲ್ಲಿ ಫಸ್ಟ್ ಏಡ್ ಓಡಿಸಿ, ಅಲ್ಲೊಂದು ಇಲ್ಲೊಂದು ಕ್ಲಿಪ್ ನೋಡಿ. ಕಟಕಟ ಸದ್ದು ಬರುವ, ಓದಲು ತಡ ಮಾಡುವ ಡಿಸ್ಕ್ ಇದ್ದರೆ ಅಂದೇ ಇನ್ನೊಂದಕ್ಕೆ ನಕಲು ಮಾಡಿ.

ಕೊನೆಯ ಕೆಲಸ ಪಟ್ಟಿ. ಎಕ್ಸೆಲ್‌ನಲ್ಲಿ ಒಂದು ಹಾಳೆ ಸಾಕು. ತಾರೀಖು, ಊರು, ಮೇಳ, ಪ್ರಸಂಗ, ಭಾಗವತರು, ಯಾರ ವೇಷ ಏನು, ಒಟ್ಟು ಎಷ್ಟು ಜಿಬಿ, ಮೊದಲ ಪ್ರತಿ ಯಾವ ಡಿಸ್ಕ್, ಎರಡನೆಯದು ಯಾವ ಡಿಸ್ಕ್. ಡಿಸ್ಕಿನ ಮೈಮೇಲೂ ಅದೇ ನಂಬರ್ ಬರೆದ ಚೀಟಿ ಅಂಟಿಸಿ. ಒಬ್ಬ ಕಲಾವಿದರ ಮನೆಯವರು ಫೋನ್ ಮಾಡಿ "ಅಪ್ಪನ ಆ ವೇಷದ್ದು ಇದ್ದೀತಾ ಮಾರಾಯ್ರೆ" ಎಂದು ಕೇಳಿದಾಗ ಹತ್ತು ಡಿಸ್ಕ್ ಹಚ್ಚಿ ತಡಕಾಡದೆ ಹುಡುಕಿ ಕೊಡಬೇಕಾದರೆ ವೇಷದ ಕಾಲಂ ಖಾಲಿ ಬಿಡಬಾರದು. ಪಟ್ಟಿಯ ಒಂದು ಪ್ರಿಂಟ್ ಡಿಸ್ಕಿನ ಡಬ್ಬಿಯೊಳಗೆ ಇರಲಿ, ಇನ್ನೊಂದು ಪ್ರತಿ ಫೋನಿನಲ್ಲಿ.